ಲ್ಯಾಪ್‌ಟಾಪಿನೊಳಗೆ ಅರಳಿದ ಬೂದು ಗುಲಾಬಿ

ಆ ಬೀದಿಯವರ ಮಾತನ್ನು ನಂಬುವುದಾದರೆ ಅವನ ಬಲಗೈ ಕೈಯೇ ಅಲ್ಲ, ವಸಂತಕಾಲ. ಅದು ಹಾದುಹೋದಲ್ಲೆಲ್ಲ ಹೂ ಬಿಡುತ್ತಿತ್ತು. ಒಮ್ಮೆ ಅತ್ತೆಯ ಮಂಡಿನೋವಿಗೆ ಮುಲಾಮು ಹಚ್ಚಲು ಕೂತವನು ಟ್ಯೂಬನ್ನು ಹಿಂಡುತ್ತ ಕಿಟಕಿಯಾಚೆ ನೋಡುತ್ತಿದ್ದನಂತೆ. ನೋಡಿ ಮುಗಿಸುವಷ್ಟರಲ್ಲಿ ಮಂಡಿಯ ಮೇಲೆ ಐದೆಸಳಿನ ಹೂವೊಂದು ಅರಳಿ, ಪಕ್ಕದಲ್ಲಿ ಎರಡು ಎಲೆಯೂ ಚಿಗುರಿದ್ದವು. ಅದನ್ನು ತಿಕ್ಕಿ ಕೆಡಿಸಲು ಮನಸ್ಸು ಬಾರದೆ ಅತ್ತೆ ಸಂಜೆಯವರೆಗೂ ಕಾಲು ಚಾಚಿಕೊಂಡು ಕೂತು, ಬಂದವರಿಗೆಲ್ಲ ಮಂಡಿಯ ದರ್ಶನ ಮಾಡಿಸಿದರು. ನೋವು ಹೊರಟುಹೋಯಿತೆಂದು ಕೆಲವರು ಹೇಳುತ್ತಾರೆ. ನೋವು ಹಾಗೇ ಇತ್ತು, ಅತ್ತೆಗೆ ಅದರ ಕಡೆ ಗಮನ ಕೊಡಲು ಪುರಸೊತ್ತಿರಲಿಲ್ಲ ಎಂದು ಇನ್ನು ಕೆಲವರು. ಬಚ್ಚಲ ಗೋಡೆಯ ಬಿರುಕಿಗೆ ಅವನು ಬಿಳಿ ಸಿಮೆಂಟು ತುಂಬಿದಾಗ ಬಿರುಕು ಬಳ್ಳಿಯಾಗಿ ನಲ್ಲಿಯವರೆಗೂ ಹಬ್ಬಿತು. ಬೆಳಿಗ್ಗೆ ಮನೆಯವರ ಬ್ರಷ್ಷುಗಳಿಗೆ ಪೇಸ್ಟು ಹಾಕಿಟ್ಟರೆ ಪ್ರತಿಯೊಂದರ ಮೇಲೂ ಒಂದು ಮೊಗ್ಗು. ಕೆನ್ನೆಗೆ ಹಚ್ಚಿಕೊಂಡ ಶೇವಿಂಗ್ ಕ್ರೀಂ ತೀರಾ ಚೆನ್ನಾಗಿ ಬಂದಿತೆಂದು ಅದನ್ನು ಬೋಳಿಸಲು ಒಲ್ಲದೆ, ಒಂದು ಕೆನ್ನೆಯಲ್ಲಿ ಹೂ ಹೊತ್ತು ಕೆಲಸಕ್ಕೆ ಹೊರಟಿದ್ದ ದಿನಕ್ಕೆ ಹಾಲು ಮಾರುವವನು ಇವತ್ತಿಗೂ ಸಾಕ್ಷಿ.

ಈ ಕೈಯ ಒಡೆಯ ಮೂಲೆಯ ಬೇಕರಿಯ ಹಿಂದಿನ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದವನು. ಮುಂದಿನ ಗಾಜಿನ ಕಪಾಟಿನಲ್ಲಿ ಜನ ಕಾಣುವ ಕೇಕುಗಳ ಮೇಲಿನ ಹೂ, ಎಲೆ, ಬಳ್ಳಿ, ಅಂಚಿನ ಜಾಲರಿ ಎಲ್ಲ ಅವನದೇ. ಕ್ರೀಂ ತುಂಬಿದ ಕೋನನ್ನು ಅಂಗೈಯಲ್ಲಿ ಹಿಡಿದು ಹಿಂಡಿ ಹಿಂಡಿ ಅವನ ಕೈಗೂ ಮನಸ್ಸಿಗೂ ನಡುವೆ ಒಂದು ಒಪ್ಪಂದವಾಗಿಹೋಗಿತ್ತು: ಕೈ ಕೆಲಸ ಮಾಡಬೇಕು, ಮನಸ್ಸು ತಿರುಗಾಡಿಕೊಂಡು ಬರಬೇಕು. ಹಿಂಡುವಂಥದ್ದು ಏನೇ ಕೈಗೆ ಸಿಕ್ಕಲಿ, ಒಪ್ಪಂದ ಜಾರಿಗೆ ಬರುತ್ತಿತ್ತು. ಮನಸ್ಸು ಚಪ್ಪಲಿ ಮೆಟ್ಟಿಕೊಂಡು ಹೊರಟರೆ, ಅದು ತಿರುಗಿ ಬರುವ ಹೊತ್ತಿಗೆ ಇಲ್ಲಿ ಹೂ ಅರಳಿರುತ್ತಿತ್ತು. ಬೀದಿಯವರು ಅವನಿಗೆ ‘ಹೂಗೈ’ ಎಂಬ ಬಿರುದು ಕೊಟ್ಟಿದ್ದರು. ಅತ್ತೆ ಮಾತ್ರ, ಮಗಳ ಮನೆಯಲ್ಲೇ ಇದ್ದು ಅವನನ್ನು ದಿನವಿಡೀ ಹತ್ತಿರದಿಂದ ಕಂಡವರಾದ್ದರಿಂದ, “ಅಳಿಯಂದ್ರು ಮನೇಲಿದ್ದಾರೆ, ಆದ್ರೆ ಒಳಗಿಲ್ಲ” ಎನ್ನುತ್ತಿದ್ದರು.

ಹೆಂಡತಿ ಇದಕ್ಕೆ ತದ್ವಿರುದ್ಧ. ಎಲ್ಲಿರುತ್ತಾಳೋ ಅಲ್ಲೇ ಪೂರ್ತಿ ಇರುವವಳು. ಊರಿನ ಗ್ರಂಥಾಲಯದಲ್ಲಿ ಜನ ಓದಿ ಎಲ್ಲೆಲ್ಲೋ ಬಿಟ್ಟುಹೋದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು ಅವಳ ಕೆಲಸ. ಕಪಾಟುಗಳ ನಡುವೆ ಅವಳು ನಡೆದುಹೋದರೆ ಓರೆಯಾಗಿ ನಿಂತ ಪುಸ್ತಕಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ಅಲ್ಲಿನವರು ತಮಾಷೆ ಮಾಡುತ್ತಿದ್ದರು. ಆದರೆ ಇಷ್ಟು ವರ್ಷವೂ ಅವಳದು ಹಂಗಾಮಿ ಕೆಲಸ. ಅಲ್ಲಿ ಪ್ರತಿ ಪುಸ್ತಕಕ್ಕೂ ಕಾಯಂ ಜಾಗವಿತ್ತು. ಜಾಗ ತೋರಿಸುವವಳಿಗೆ ಇರಲಿಲ್ಲ. ಈಗ ಕೊನೆಗೂ ಕಾಯಂ ಹುದ್ದೆಗೆ ಪರೀಕ್ಷೆ ಕರೆದಿದ್ದರು. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟಿರುತ್ತದೆ. ಆದ್ದರಿಂದ ಇದು ಅವಳಿಗೆ ಮೊದಲನೆಯ ಅವಕಾಶವೂ ಹೌದು, ಕೊನೆಯದೂ ಹೌದು. ಪರೀಕ್ಷೆಯನ್ನು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಬರೆಯಬೇಕು. ಕೋಣೆಯಲ್ಲಿ ಬೇರೆ ಯಾರೂ ಇರುವಂತಿಲ್ಲ, ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ. ನಡುವೆ ಯಂತ್ರ ಆರಿಹೋದರೆ ಪರೀಕ್ಷೆಯೂ ಅಲ್ಲಿಗೇ ಮುಗಿದಂತೆ. ಮತ್ತೆ ಒಳಗೆ ಬಿಡುವುದಿಲ್ಲ.

ಯಂತ್ರ ಆರಿಹೋಗುತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಆ ಲ್ಯಾಪ್‌ಟಾಪ್ ಹಲವು ಕೈ ದಾಟಿ ಈ ಮನೆ ಸೇರಿತ್ತು. ಹೊತ್ತಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಗೊರಗೊರ ಶುರುಮಾಡಿ, ಕೊನೆಗೆ ಖಾಲಿ ಮಿಕ್ಸಿ ತಿರುಗಿಸಿದಂತೆ ಅರಚುತ್ತಿತ್ತು. ತಳ ಮುಟ್ಟಿದರೆ ಕೈ ಸುಡುತ್ತಿತ್ತು. ಅವಳು ಅಭ್ಯಾಸಕ್ಕೆಂದು ಹಳೆಯ ಪ್ರಶ್ನೆಪತ್ರಿಕೆ ತೆರೆದು ಅರ್ಧ ಮುಟ್ಟುವಷ್ಟರಲ್ಲಿ ಪರದೆ ಫಕ್ಕನೆ ಕಪ್ಪಾಗುತ್ತಿತ್ತು. ಮೊದಲ ಸಲ ಅವಳು ಬೈದಳು. ಎರಡನೆಯ ಸಲ ಸುಮ್ಮನೆ ಕಪ್ಪು ಪರದೆಯಲ್ಲಿ ಕಾಣುವ ತನ್ನ ಮುಖ ನೋಡುತ್ತ ಕೂತಳು. ಬೈಯದೆ ಕೂತದ್ದನ್ನು ನೋಡಿ ಮನೆಯವರಿಗೆ ಹೆದರಿಕೆಯಾಯಿತು. ರಿಪೇರಿ ಅಂಗಡಿಯವನು, “ಬಿಟ್ಟು ಹೋಗಿ, ಮುಂದಿನ ವಾರ ನೋಡೋಣ” ಎಂದ. ಪರೀಕ್ಷೆ ಸೋಮವಾರ.

ಶನಿವಾರ ಸಂಜೆ ಅವಳ ತಮ್ಮ ಬಂದ. ಫೋನುಗಳ ಕವರ್ ಮಾರುವ ಅಂಗಡಿಯಲ್ಲಿ ಅವನ ಕೆಲಸ. ಜೇಬಿನಿಂದ ಬೆರಳುದ್ದದ ಒಂದು ಸಿರಿಂಜ್ ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ಬೂದುಬಣ್ಣದ ಏನೋ ಇತ್ತು.

“ಒಳಗಿನ ಪೇಸ್ಟ್ ಒಣಗಿಹೋಗಿದೆ ಅಕ್ಕ,” ಎಂದ. “ಪ್ರೊಸೆಸರ್ ಚಿಪ್ಪಿನ ಬಿಸಿ ಮೇಲಿರೋ ತಾಮ್ರಕ್ಕೆ ಹತ್ತಬೇಕು, ತಾಮ್ರದಿಂದ ಫ್ಯಾನ್ ಹತ್ರ ಹೋಗ್ಬೇಕು. ನಡುವೆ ಈ ಪೇಸ್ಟ್ ಇದ್ರೆ ಹೋಗುತ್ತೆ. ಒಣಗಿದ್ರೆ ಬಿಸಿ ಅಲ್ಲೇ ಠಿಕಾಣಿ ಹೂಡುತ್ತೆ.”

“ಹಾಗಾದ್ರೆ ನೀನೇ ಬದಲಾಯಿಸಿಕೊಡೋ.”

“ನಾನು ಕವರ್ ಮಾರೋನು. ಬಿಚ್ಚು ಅಂದ್ರೆ ಬಿಚ್ತೀನಿ, ಮುಚ್ಚು ಅಂದ್ರೆ ನನ್ನ ಜವಾಬ್ದಾರಿ ಅಲ್ಲ. ನಾಳೆ ಅಂಗಡಿ ಬೇರೆ ಇದೆ. ಕಷ್ಟ ಏನಿಲ್ಲಕ್ಕ. ಹಳೇದನ್ನ ಒರೆಸೋದು, ಹೊಸದು ಒಂದು ಬಟಾಣಿ ಕಾಳಿನಷ್ಟು ಹಿಂಡೋದು. ಅಷ್ಟೇ. ಹಿಂಡೋ ಕೆಲಸ.”

ಹಿಂಡುವ ಕೆಲಸ ಎಂದದ್ದೇ ತಡ, ಮೂರು ಜೊತೆ ಕಣ್ಣು ಒಂದೇ ಕಡೆ ತಿರುಗಿದವು. ಹೂಗೈ ಕಿಟಕಿಯ ಗಾಜಿನ ಮೇಲೆ ಸರಿದುಹೋಗುತ್ತಿದ್ದ ಒಂದು ಮೋಡವನ್ನು ಬೀಳ್ಕೊಡುತ್ತಿದ್ದ.

“ಭಾವ,” ಎಂದ ಮೈದುನ.

“ಹೂಂ, ಮಾಡೋಣ,” ಎಂದ ಹೂಗೈ. ಏನನ್ನು ಎಂದು ಆಮೇಲೆ ಕೇಳಿ ತಿಳಿದುಕೊಂಡ.

“ಅಳಿಯಂದ್ರೆ,” ಎಂದರು ಅತ್ತೆ, “ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಬಟಾಣಿ ಅಂದ್ರೆ ಕಾಳು. ಬಳ್ಳಿ ಅಲ್ಲ, ಎಲೆ ಅಲ್ಲ, ಕಾಳು.”

“ಅಷ್ಟೂ ಗೊತ್ತಿಲ್ವಾ ಅತ್ತೆ ನನಗೆ,” ಎಂದ ಅಳಿಯ ಸ್ವಲ್ಪ ನೊಂದುಕೊಂಡು.

ಭಾನುವಾರ ಊಟವಾದ ಮೇಲೆ ಊಟದ ಮೇಜೇ ರಣರಂಗವಾಯಿತು. ಒಗೆದ ಬಿಳಿ ಹಾಸಿನ ಮೇಲೆ ಲ್ಯಾಪ್‌ಟಾಪು ಬೆನ್ನು ಮೇಲಾಗಿ ಮಲಗಿತು. ಬಲಕ್ಕೆ ಮೈದುನ ಕೊಟ್ಟ ಪುಟ್ಟ ಸ್ಕ್ರೂಡ್ರೈವರ್, ಸ್ಪಿರಿಟ್ ಬಾಟಲಿ, ಹತ್ತಿ, ಮೆತ್ತನೆ ಬಟ್ಟೆ. ಎಡಕ್ಕೆ, ನಾಯಕನ ಸ್ವಂತ ಶಸ್ತ್ರಾಗಾರದಿಂದ, ಕಪ್‌ಕೇಕ್ ಬೇಯಿಸುವ ಗುಂಡಿಗಳ ತಟ್ಟೆ. ಒಂದೊಂದು ಸ್ಕ್ರೂ ಬಿಚ್ಚಿದಂತೆ ಅದು ಯಾವ ಮೂಲೆಯದೋ ಆ ಮೂಲೆಯ ಗುಂಡಿಗೆ ಹಾಕುವುದು ಅವನ ಉಪಾಯ. ಈ ಉಪಾಯವನ್ನು ಹೆಂಡತಿ ಕೂಡ ಒಪ್ಪಿದಳು. ಅವಳ ದೃಷ್ಟಿಯಲ್ಲಿ ಗಂಡ ಮದುವೆಯಾದ ಮೇಲೆ ಒಂದು ವಸ್ತುವನ್ನು ಅದರ ಜಾಗದಲ್ಲಿಟ್ಟದ್ದು ಅದೇ ಮೊದಲು. ಅವಳು ಪುಸ್ತಕ ಹಿಡಿದು ಒಳಕೋಣೆಗೆ ಹೋದಳು. ಅತ್ತೆ ಕಾವಲಿಗೆಂದು ಎದುರಿನ ಕುರ್ಚಿಯಲ್ಲಿ ಕೂತು, ಕೂತ ತಕ್ಷಣ ತೂಕಡಿಸಿದರು.

ತಳದ ಮುಚ್ಚಳ ಎದ್ದು ಬಂತು. ಮೊದಲು ಬ್ಯಾಟರಿಯ ತಂತಿ ಬಿಡಿಸು ಎಂದು ಮೈದುನ ಹೇಳಿದ್ದ, ಬಿಡಿಸಿದ. ಆಮೇಲೆ ಒಳಗೆ ನೋಡಿದ, ಮತ್ತು ಅಲ್ಲೇ ನಿಂತುಹೋದ.

ಅದು ನಡುಮಧ್ಯಾಹ್ನದಲ್ಲಿ ಮಲಗಿದ ಒಂದು ಸಣ್ಣ ಪಟ್ಟಣ. ಕಪ್ಪು ಚೌಕಗಳು ಬಾಗಿಲೆಳೆದ ಅಂಗಡಿಗಳು. ನಡುವೆ ಬೆಳ್ಳಿಯ ಚುಕ್ಕೆಗಳು, ಹೊತ್ತಲು ಸಂಜೆ ಕಾಯುತ್ತಿರುವ ದೀಪಗಳು. ಪಟ್ಟಣದ ನಟ್ಟನಡುವಿನಿಂದ ಒಂದೇ ಒಂದು ತಾಮ್ರದ ದಾರಿ ಹೊರಟು, ಮೆಲ್ಲಗೆ ಬಾಗಿ, ದೂರದ ಗಾಳಿಗಿರಣಿಯ ಬಾಗಿಲಿಗೆ ಹೋಗಿ ಮುಟ್ಟುತ್ತಿತ್ತು. ಗಿರಣಿಯ ರೆಕ್ಕೆಗಳ ಮೇಲೆ ವರ್ಷಗಳ ಧೂಳು ಬೂದು ಕಂಬಳಿಯಂತೆ ಕೂತಿತ್ತು. ಅಯ್ಯೋ ಪಾಪ, ಇಲ್ಲಿಯ ಜನ ಸೆಕೆಯಲ್ಲಿ ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಾರೋ, ಎಂದುಕೊಂಡ ಹೂಗೈ. ಗಿರಣಿಯನ್ನು ಬಿಚ್ಚಿ, ಕಂಬಳಿಯನ್ನು ಇಕ್ಕಳದಿಂದ ಎತ್ತಿ, ಸಣ್ಣ ಕುಂಚದಿಂದ ರೆಕ್ಕೆ ರೆಕ್ಕೆಯನ್ನೂ ಗುಡಿಸಿದ. ತಾಮ್ರದ ದಾರಿಯನ್ನು ಹಿಡಿದಿದ್ದ ಸ್ಕ್ರೂಗಳ ಪಕ್ಕದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಕೊರೆದಿತ್ತು. ಆ ಕ್ರಮದಲ್ಲೇ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ದಾರಿಯನ್ನು ಒಂದಿಷ್ಟು ತಿರುಚಿ ಎತ್ತಿದ. ಕೆಳಗೆ ಹಳೆಯ ಪೇಸ್ಟು ವಾರದ ಹಿಂದಿನ ಕ್ರೀಮಿನಂತೆ ಒಣಗಿ ಹಕ್ಕಳೆಯಾಗಿತ್ತು. ಸ್ಪಿರಿಟ್ ತೋಯಿಸಿದ ಬಟ್ಟೆಯಿಂದ ಒರೆಸಿ ಒರೆಸಿ ತೆಗೆದ. ಕೊನೆಗೆ ಚಿಪ್ಪು ಕನ್ನಡಿಯಾಗಿ, ಅದರಲ್ಲಿ ಅವನದೇ ಮೂಗಿನ ತುದಿ ಕಾಣಿಸಿತು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಮನಸ್ಸು ಮನೆಯಲ್ಲೇ ಇತ್ತು. ಆಗ ಅವನು ಸಿರಿಂಜನ್ನು ಕೈಗೆತ್ತಿಕೊಂಡ.

ಪೇಸ್ಟು ಕ್ರೀಮಿಗಿಂತ ಗಟ್ಟಿ, ಆದರೆ ಕ್ರೀಮಿನಷ್ಟೇ ಮಾತು ಕೇಳುವಂಥದ್ದು. ಹಿಂಡಿದಾಗ ಬೆರಳಿಗೆ ಬಂದ ಆ ಸಣ್ಣ ಪ್ರತಿರೋಧ ಅವನಿಗೆ ಬಹಳ ಹಳೆಯ ಪರಿಚಯ. ಮನಸ್ಸು ಮೆಲ್ಲನೆ ಎದ್ದು, ಚಪ್ಪಲಿ ಹುಡುಕಿ, ತಾಮ್ರದ ದಾರಿ ಹಿಡಿದು ಹೊರಟಿತು. ಗಿರಣಿ ದಾಟಿ, ಬಾಗಿಲೆಳೆದ ಅಂಗಡಿಗಳನ್ನು ದಾಟಿ, ಒಂದು ಗಾಜಿನ ಕಪಾಟಿನ ಮುಂದೆ ಬಂದು ನಿಂತಿತು. ಕಪಾಟಿನಾಚೆ ಎಳೆಬಿಸಿಲು. ಬಿಸಿಲಿನಲ್ಲಿ ಒಬ್ಬ ಹುಡುಗಿ ಕಂಕುಳಲ್ಲಿ ಪುಸ್ತಕ ಒತ್ತಿಕೊಂಡು ನಿಂತು, ಗ್ರಂಥಾಲಯದವರ ಸಮಾರಂಭಕ್ಕೆ ಒಂದು ಕೇಕು ಬೇಕು, ಹೆಸರು ಮಾತ್ರ ಬರೆಯಿರಿ, ಹೂ ಗೀ ಏನೂ ಬೇಡ, ನನಗೆ ಅದೆಲ್ಲ ಹಿಡಿಸುವುದಿಲ್ಲ ಎನ್ನುತ್ತಿದ್ದಳು. ಆಗಲಿ ಎಂದು ಅವನು ತಲೆಯಾಡಿಸಿದ. ಅವಳು ಹೊರಟಳು. ಬಾಗಿಲ ಗಂಟೆ ಕಿಣಿಯೆಂದಿತು. ಬಿಸಿಲು ಅವಳನ್ನು ಬೀದಿಯ ಕೊನೆಯವರೆಗೂ ಕೈಹಿಡಿದು ನಡೆಸಿಕೊಂಡು ಹೋಯಿತು. ಅವನು ನೋಡುತ್ತಲೇ ಇದ್ದ. ಕೈ ತನ್ನ ಪಾಡಿಗೆ ಹಿಂಡುತ್ತಲೇ ಇತ್ತು.

“ಏನ್ರೀ ಇದು.”

ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಬಿಸಿಲಿನ ಹುಡುಗಿಯಲ್ಲ, ಇಂದಿನವಳು, ಕನ್ನಡಕ ಹಣೆಗೇರಿಸಿಕೊಂಡವಳು. ಅವನು ಕೆಳಗೆ ನೋಡಿದ.

ಚಿಪ್ಪಿನ ಮೇಲೆ ಒಂದು ಗುಲಾಬಿ ಅರಳಿತ್ತು.

ಸಾಮಾನ್ಯದ ಗುಲಾಬಿಯಲ್ಲ. ನಡುವೆ ಬಿಗಿದ ಮೊಗ್ಗು, ಸುತ್ತ ಮೂರು ಎಸಳು, ಅದರ ಸುತ್ತ ಐದು, ಹೊರಗಿನವು ಅಂಚಿನಲ್ಲಿ ಕೂದಲೆಳೆಯಷ್ಟು ಮಡಿಚಿಕೊಂಡಿದ್ದವು. ಮುಸ್ಸಂಜೆಯ ಬಣ್ಣ. ಕ್ರೀಮಿನ ಹೂವಿಗೆ ಯಾವಾಗಲೂ ಕರಗುವ ಆತುರ. ಇದಕ್ಕೆ ಆತುರವೇ ಇರಲಿಲ್ಲ. ಅರ್ಧ ಆಯುಷ್ಯದಲ್ಲಿ ಅವನ ಕೈಯಿಂದ ಇಂಥದ್ದೊಂದು ಬಂದಿರಲಿಲ್ಲ. ಸಿರಿಂಜು ಖಾಲಿಯಾಗಿತ್ತು.

ಅತ್ತೆ ಎಚ್ಚರಾಗಿ ಬಗ್ಗಿ ನೋಡಿದರು. “ಬಟಾಣಿ ಎಲ್ಲಿ?”

ಅಳಿಯ ಖಾಲಿ ಸಿರಿಂಜನ್ನು ಮೆಲ್ಲಗೆ ಹಾಸಿನ ಮೇಲಿಟ್ಟ.

“ಲಕ್ಷಣವಾಗಿ ಬಂದಿದೆ ಬಿಡಿ,” ಎಂದರು ಅತ್ತೆ ಕೊನೆಗೆ. “ನನ್ನ ಮಂಡಿ ಮೇಲೆ ಬಂದಿದ್ದಕ್ಕಿಂತ ಒಂದು ಕೈ ಮೇಲು.”

“ಅಮ್ಮ, ಸುಮ್ನಿರು.” ಹೆಂಡತಿ ಕುರ್ಚಿ ಎಳೆದು ಕೂತಳು. ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸಲೀಸಾಗುತ್ತಿತ್ತು. “ಇನ್ನೊಂದು ಸಿರಿಂಜ್ ಇದೆಯಾ ಅಂತ ತಮ್ಮನಿಗೆ ಫೋನ್ ಮಾಡಿದ್ರೆ?”

ಫೋನ್ ಮಾಡಿದರು. ಇದ್ದದ್ದು ಅದೊಂದೇ, ಇನ್ನು ಬುಧವಾರವೇ ಬರುವುದು ಎಂದ ತಮ್ಮ. ಏನಾಯಿತು ಎಂದು ಕೇಳಿದ. “ಹೂವಾಯ್ತು,” ಎಂದು ಹೇಳಿ ಅಕ್ಕ ಫೋನಿಟ್ಟಳು.

ಹೂಗೈ ಬೆವರಿದ. ಅವನ ಮನಸ್ಸು ಈಗ ಪೂರ್ತಿ ಮನೆಯೊಳಗಿತ್ತು, ಬಾಗಿಲು ಹಾಕಿಕೊಂಡು ಮೂಲೆಯಲ್ಲಿ ಕೂತಿತ್ತು. ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿದ್ದದ್ದು ಹೆಂಡತಿಯ ನಾಳೆ. ಅದರ ನಡುವೆ ಅವನ ಹೂವು ಏನೂ ಗೊತ್ತಿಲ್ಲದ ಮಗುವಿನಂತೆ ಅರಳಿಕೊಂಡು ಕೂತಿತ್ತು.

“ಹೀಗೇ ಮುಚ್ಚಿಬಿಟ್ರೆ?” ಎಂದ.

“ಎಲ್ಲಾ ಕಡೆಯಿಂದ ಹೊರಗೆ ಉಕ್ಕುತ್ತೆ. ಬಟಾಣಿಯಷ್ಟೇ ಸಾಕು ಅಂತ ತಮ್ಮ ನಿನ್ನೆನೇ ಹೇಳಲಿಲ್ವಾ?” ಅವಳು ಹೂವನ್ನು ನೋಡುತ್ತಲೇ ಇದ್ದಳು. “ಆವಾಗ್ಲೂ ಹೂ ಬೇಡ ಅಂದಿದ್ದೆ. ಕೇಕ್ ಡಬ್ಬಿ ತೆಗೆದು ನೋಡಿದ್ರೆ ಅಂಗೈ ಅಗಲದ ಗುಲಾಬಿ. ಜಗಳ ಆಡೋಕೆ ಅಂತ ಬೇಕರಿಗೆ ಬಂದೆ ನೋಡಿ, ಅದೇ ತಪ್ಪಾಗಿದ್ದು.”

“ಈಗ್ಲೂ ಅದೇ ನೆನಪಾಗಿತ್ತು ಕಣೇ,” ಎಂದ ಅವನು. “ಅದಕ್ಕೇ ಕೈ...”

ಅವಳು ಅವನ ಕಡೆ ತಿರುಗಿದಳು. ಆಮೇಲೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದಳು. ಗ್ರಂಥಾಲಯದಲ್ಲಿ ಅವಳು ಕನ್ನಡಕ ಇಳಿಸಿದರೆ ಹರಟೆ ಮುಗಿಯಿತೆಂದು ಅರ್ಥ.

“ನಾಳೆ ಪರೀಕ್ಷೆ ನನ್ನದು. ಹೂವೂ ನನ್ನ ನೆನಪಿಂದಲೇ ಅಂದ್ರಲ್ಲ, ತಗೊಂಡೆ. ನೋಡಿದ್ದಾಯ್ತು. ಈಗ ಒರೆಸಿ.”

“ಫೋಟೋ ತೆಗೀಬೇಕಿತ್ತು,” ಎಂದರು ಅತ್ತೆ.

“ಬೇಡಮ್ಮ. ಫೋಟೋ ತೆಗೆದ್ರೆ ಇವರಿಗೆ ಇನ್ನೂ ಉತ್ಸಾಹ ಬರುತ್ತೆ.”

ಒರೆಸುವುದೆಂದರೆ ಅವನಿಗೆ ಬಾರದ ವಿದ್ಯೆ. ಕೈ ಮುಂದೆ ಹೋಗಲಿಲ್ಲ. ಹೂವನ್ನು ಬಟಾಣಿ ಮಾಡುವುದು ಹೇಗೆಂದು ಅವನು ಯೋಚಿಸುತ್ತ ನಿಂತಿರುವಾಗ ಬೇಕರಿಯ ಒಂದು ನಿತ್ಯದ ಕೆಲಸ ಕಣ್ಣಿಗೆ ಕಟ್ಟಿತು. ಯಾವ ಕೇಕಿನ ಮೇಲೂ ಹೂ ಏಳುವ ಮೊದಲು ಒಂದು ತೆಳ್ಳನೆ ಕ್ರೀಂ ಬಳಿಯುತ್ತಾರೆ. ಕೇಕಿನ ಪುಡಿ ಮೇಲೇಳದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಕೆಳಗಿನದು ಕಂಡೂ ಕಾಣದಷ್ಟು ತೆಳ್ಳಗಿರಬೇಕು, ಎಲ್ಲೂ ಗಾಳಿಗುಳ್ಳೆ ಉಳಿಯಬಾರದು. ಅದನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಅವನಿಗೂ ಅದೆಂದರೆ ಬೇಸರ, ಹೂವಿನ ಬಾಗಿಲು ತೆರೆಯಲು ಕಟ್ಟುವ ಸುಂಕ ಎಂದುಕೊಂಡು ಮಾಡಿ ಮುಗಿಸುತ್ತಿದ್ದ. ಇವತ್ತು ಸುಂಕ ಮಾತ್ರ ಕಟ್ಟಬೇಕು, ಬಾಗಿಲು ತೆರೆಯುವಂತಿಲ್ಲ.

ಕ್ರೀಂ ಸಮ ಮಾಡುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ತಂದು ಕತ್ತರಿಯಿಂದ ಬೆರಳಗಲಕ್ಕೆ ಕತ್ತರಿಸಿಕೊಂಡ. ಉಸಿರು ಹಿಡಿದ. ಹೊರಗಿನ ಐದು ಎಸಳುಗಳು ಒಂದೊಂದಾಗಿ ಪಟ್ಟಿಯ ಮೇಲೇರಿ ಬಂದವು, ಆಮೇಲೆ ಒಳಗಿನ ಮೂರು. ಮೊಗ್ಗು ಮಾತ್ರ ಉಳಿಯಿತು. ಅದು ಸರಿಯಾಗಿ ಬಟಾಣಿಯ ಗಾತ್ರವಿತ್ತು.

“ಅಗೋ ಬಟಾಣಿ,” ಎಂದರು ಅತ್ತೆ. “ಅಷ್ಟೆಲ್ಲಾ ಸುತ್ತು ಹಾಕ್ಕೊಂಡು ಬರಬೇಕಿತ್ತಾ.”

ಮೊಗ್ಗಿನ ಮೇಲೆ ಪಟ್ಟಿಯನ್ನು ಇಟ್ಟು ಎಳೆದ. ಹಿಂದಕ್ಕೊಂದು, ಮುಂದಕ್ಕೊಂದು. ಕನ್ನಡಿಯ ಮೇಲೆ ಯಾರೋ ಉಸಿರು ಬಿಟ್ಟಂತೆ ಬೂದು ಬಣ್ಣದ ಒಂದು ಪೊರೆ ಹರಡಿ ನಿಂತಿತು, ಮೂಲೆಯಿಂದ ಮೂಲೆಗೆ ಒಂದೇ ಸಮ. ಹೂಗೈಯ ಜೀವನದಲ್ಲಿ ಒಂದು ಎಸಳೂ ಇಲ್ಲದ ಮೊದಲ ಕೃತಿ. ಅವನು ಅದನ್ನು ಅಪರಿಚಿತನನ್ನು ನೋಡುವಂತೆ ನೋಡಿದ. ಪಕ್ಕದ ಚುಕ್ಕೆಗಳ ಮೇಲೆ ಬಿದ್ದಿದ್ದ ಒಂದು ಎಸಳಿನ ತುದಿಯನ್ನು ಹೆಂಡತಿ ಹತ್ತಿಯಿಂದ ಒರೆಸಿ ತೆಗೆದಳು. ತಾಮ್ರದ ದಾರಿ ತನ್ನ ಜಾಗಕ್ಕಿಳಿಯಿತು. ಸ್ಕ್ರೂಗಳನ್ನು ಅವಳು ತಟ್ಟೆಯ ಗುಂಡಿಗಳಿಂದ ಎತ್ತಿಕೊಡುತ್ತ ಹೋದಳು, ಅವನು ಒಂದು ಈ ಮೂಲೆ, ಮುಂದಿನದು ಅದರ ಎದುರು ಮೂಲೆ ಎಂದು ಬಿಗಿಯುತ್ತ ಹೋದ.

ಬ್ಯಾಟರಿಯ ತಂತಿ ಸೇರಿಸಿ, ಮುಚ್ಚಳ ಹಾಕಿ ಹೊತ್ತಿಸಿದರು. ಪರದೆ ಬೆಳಗಿತು. ಸದ್ದೇ ಇಲ್ಲ.

“ನೋಡಿದ್ರಾ,” ಎಂದರು ಅತ್ತೆ, “ಪೂರ್ತಿ ಗುಣ ಆಗಿದೆ. ಉಸಿರೇ ಎತ್ತುತ್ತಿಲ್ಲ.”

ಹೂಗೈ ವಿಜಯದ ನಗೆ ನಕ್ಕು ಬೆನ್ನು ನೆಟ್ಟಗೆ ಮಾಡಿದ. ಹೆಂಡತಿ ಮಾತ್ರ ಲ್ಯಾಪ್‌ಟಾಪಿನ ಪಕ್ಕದ ಸಂದಿಗೆ ಅಂಗೈ ಹಿಡಿದಳು.

“ಗಾಳಿ ಬರ್ತಿಲ್ಲ. ಫ್ಯಾನಿನ ತಂತಿ ಸಿಕ್ಕಿಸಿದ್ರಾ?”

ವಿಜಯದ ನಗೆ ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಅನಾಥವಾಗಿ ಉಳಿಯಿತು. ಮತ್ತೆ ಆರಿಸಿ, ಮತ್ತೆ ಮುಚ್ಚಳ ಬಿಚ್ಚಿ, ತಂತಿ ಸಿಕ್ಕಿಸಿ, ಮತ್ತೆ ಮುಚ್ಚಿದರು. ಈ ಸಲ ಒಳಗಿನ ಗಿರಣಿ ಮೆಲ್ಲಗೆ ತಿರುಗಿತು. ಬೆಕ್ಕು ಮಡಿಲಲ್ಲಿ ಮಲಗಿ ಗುರುಗುಟ್ಟುವ ಸದ್ದು. ಅವಳು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆರೆದು ಬರೆಯಲು ಕೂತಳು. ಅರ್ಧ ದಾಟಿತು. ಮುಕ್ಕಾಲು ದಾಟಿತು. ಹಿಂದೆ ನಿಂತಿದ್ದ ಗಂಡ, ತಾಯಿ ಇಬ್ಬರೂ ಕಪ್ಪು ಪರದೆಗಾಗಿ ಕಾಯುತ್ತಲೇ ಇದ್ದರು, ಅದು ಬರಲಿಲ್ಲ. ತಳ ಮುಟ್ಟಿದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಆದರೂ ಯಾರೂ ಗೆದ್ದೆವು ಎನ್ನಲಿಲ್ಲ. ಅಭ್ಯಾಸದಲ್ಲಿ ಆರದೆ ಪರೀಕ್ಷೆಯಲ್ಲೇ ಆರುವ ಕುಚೋದ್ಯ ಯಂತ್ರಗಳಿಗೆ ಇದೆಯೆಂದು ಮೂವರಿಗೂ ಅನ್ನಿಸಿತ್ತು.

ಸೋಮವಾರ ಅವನು ಬೇಕರಿಗೆ ರಜೆ ಹೇಳಿದ. ಯಜಮಾನ, “ಹೆಂಡತಿ ಬರೆಯೋ ಪರೀಕ್ಷೆಗೆ ನಿನಗ್ಯಾಕಯ್ಯಾ ರಜೆ?”  ಎಂದು ಕೇಳಿದ್ದಕ್ಕೆ, “ಫ್ಯಾನ್ ನೋಡ್ಕೋಬೇಕು” ಎಂದ. ಹೆಂಡತಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ಗಂಟೆಯ ಪರೀಕ್ಷೆ. ಹೂಗೈ ಒಂದು ಕುರ್ಚಿ ತಂದು ಬಾಗಿಲಿಗೆ ಒತ್ತಿ ಹಾಕಿ, ಕಿವಿಯನ್ನು ಹಲಗೆಗೆ ತಾಗಿಸಿ ಕೂತ. ಅತ್ತೆ ಮತ್ತು ಬೆಳಗಿನ ಹೊತ್ತು ಬಿಡುವು ಮಾಡಿಕೊಂಡು ಬಂದ ಮೈದುನ ಎದುರಿನ ಸೋಫಾದಲ್ಲಿ, ಚಮಚ ಕಪ್ಪಿಗೆ ತಾಗಿದರೂ ಬೆಚ್ಚುತ್ತ, ಉಸಿರು ಬಿಗಿಹಿಡಿದು ಕೂತರು.

ಬಾಗಿಲಿನಾಚೆ ಬೆಕ್ಕು ಗುರುಗುಟ್ಟುತ್ತಿತ್ತು. ಹೂಗೈ ಕಣ್ಣು ಮುಚ್ಚಿದ.

ಆಮೇಲೆ ಅವನು ಇಳಿದ. ಬಾಗಿಲ ಹಲಗೆಯೊಳಗಿಂದ, ಮೇಜಿನ ಕಾಲಿನೊಳಗಿಂದ, ಬೆಚ್ಚನೆಯ ತಳದೊಳಗಿಂದ ಇಳಿದು ತಾಮ್ರದ ದಾರಿಯ ಮೇಲೆ ನಿಂತ. ಪಟ್ಟಣ ಎಚ್ಚರವಾಗಿತ್ತು. ಬೆಳ್ಳಿಯ ದೀಪಗಳೆಲ್ಲ ಹೊತ್ತಿದ್ದವು, ಅಂಗಡಿಗಳ ಬಾಗಿಲು ತೆರೆದಿದ್ದವು, ಒಳಗೆ ಜನರ ಬದಲು ಪ್ರಶ್ನೆಗಳು ಸಾಲಾಗಿ ಕೂತಿದ್ದವು. ಬಿಸಿಯೆಂಬುದು ಚಿಪ್ಪಿನ ಚೌಕದಿಂದ ಗುಂಪುಗುಂಪಾಗಿ, ಗಂಟುಮೂಟೆ ಹೊತ್ತು, ದಾರಿಯ ಮೇಲೆ ನಡೆದು ಬರುತ್ತಿತ್ತು. “ಹೀಗೆ ಬನ್ನಿ, ಹೀಗೆ,” ಎಂದು ಅವನು ಕೈ ತೋರಿದ. ಅವರು ಗಿರಣಿಯ ಬಾಗಿಲು ದಾಟಿ ಗಾಳಿಯಲ್ಲಿ ಒಬ್ಬೊಬ್ಬರಾಗಿ ಕರಗಿದರು. ಒಮ್ಮೆ ಗುಂಪು ದೊಡ್ಡದಾಯಿತು, ನೂಕುನುಗ್ಗಲಾಯಿತು, ಗಿರಣಿ ಏದುಸಿರು ಬಿಟ್ಟಿತು. ಅವನು ಬಲಗೈ ಎತ್ತಿ ಮೆಲ್ಲನೆ ಹಿಂಡಿದ. ಆಕಾಶದಿಂದ ಬೂದು ಎಸಳುಗಳು ಉದುರತೊಡಗಿದವು, ಮಂಜಿನಂತೆ, ತಣ್ಣಗೆ, ಎಲ್ಲರ ತಲೆಯ ಮೇಲೆ, ಎಲ್ಲ ದೀಪಗಳ ಮೇಲೆ. ನೂಕುನುಗ್ಗಲು ಇಳಿಯಿತು. ದಾರಿಯ ತುದಿಯಲ್ಲಿ ಒಬ್ಬಳು ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿ ಅವುಗಳ ಕಪಾಟಿಗೆ ಸೇರಿಸುತ್ತಿದ್ದಳು. ಅವಳು ಹತ್ತಿರ ಬಂದರೆ ಅವು ತಾವಾಗಿಯೇ ನೆಟ್ಟಗಾಗುತ್ತಿದ್ದವು.

ಈ ಕಡೆ ಸೋಫಾದಲ್ಲಿ ಕೂತವರು ಕಂಡದ್ದು ಬೇರೆ. ಬಾಗಿಲಿನಾಚೆಯ ಸದ್ದು ಇದ್ದಕ್ಕಿದ್ದಂತೆ ಏರಿ ಮಿಕ್ಸಿಯ ಹಂತ ಮುಟ್ಟಿದ್ದನ್ನು ಅತ್ತೆ ಕೇಳಿದರು, ಮೈದುನ ಕೇಳಿದ. ಮೈದುನ ಎದ್ದು ನಿಂತುಬಿಟ್ಟ. ಆಗ ಕುರ್ಚಿಯ ಮೇಲೆ ಮುಚ್ಚಿದ ಕಣ್ಣಿನ ಹೂಗೈ ಬಲಗೈಯನ್ನು ಮೊಣಕಾಲಿನಿಂದ ಒಂದು ಗೇಣು ಮೇಲೆತ್ತಿ, ಗಾಳಿಯಲ್ಲಿ ಏನನ್ನೋ ಹಿಂಡುವಂತೆ ಬೆರಳು ಮಡಿಚಿದ. ಸದ್ದು ಇಳಿಯಿತು. ಮಿಕ್ಸಿ ಮತ್ತೆ ಬೆಕ್ಕಾಯಿತು.

“ನೋಡಿದ್ಯಾ?” ಎಂದರು ಅತ್ತೆ ಪಿಸುದನಿಯಲ್ಲಿ.

“ನೋಡಿದೆ,” ಎಂದ ಮಗ. ಕವರ್ ಮಾರುವವನಾದರೂ ಅವನ ತೋಳಿನ ಮೇಲೆ ಕೂದಲು ನಿಮಿರಿತ್ತು.

ಬಾಗಿಲು ತೆರೆದು ಹೆಂಡತಿ ಹೊರಗೆ ಬಂದಾಗ ಮುಖ ಬಾಡಿತ್ತು, ಕಣ್ಣು ಬೆಳಗಿತ್ತು. “ಆರಲಿಲ್ಲ,” ಎಂದಳು. “ಒಂದೇ ಒಂದು ಸಲ ಅರಚಿತು, ಆಮೇಲೆ ಸುಮ್ಮನಾಯ್ತು. ಎಲ್ಲಾ ಬರೆದೆ.” ಇಷ್ಟು ಹೇಳಿ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಎರಡು ಲೋಟ ನೀರು ಕುಡಿದಳು.

ಫಲಿತಾಂಶ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಅತ್ತೆ ಬೀದಿಯಲ್ಲಿ, ಮೈದುನ ಅಂಗಡಿಯಲ್ಲಿ, ಬೇಕರಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಈ ಕಥೆಗೆ ಬೇಕಾದಷ್ಟು ಎಸಳು ಸೇರಿಸಿದ್ದರು. ಕೊನೆಗೆ ಆದೇಶ ಬಂತು: ಅವಳ ಕೆಲಸ ಕಾಯಂ. ಆ ಸಂಜೆ ಗ್ರಂಥಾಲಯದವರು ಮನೆಗೆ ಬಂದರು. ಅವರ ಮುಖ್ಯಸ್ಥೆ ಬೆಳ್ಳಿಗೂದಲಿನ ಗಂಭೀರ ಹೆಂಗಸು. ಜೀವಮಾನವೆಲ್ಲ ಪುಸ್ತಕಗಳ ನಡುವೆ ಕಳೆದು, ಪುಸ್ತಕದಲ್ಲಿಲ್ಲದ ವಿಷಯಗಳ ಮೇಲೆ ಆಸೆ ಇಟ್ಟುಕೊಂಡವರು. ಅತ್ತೆ ಚಹಾ ಕೊಟ್ಟು, ಬೂದು ಗುಲಾಬಿಯಿಂದ ಹಿಡಿದು ಬಾಗಿಲ ಬಳಿಯ ತಪಸ್ಸಿನವರೆಗೂ ಒಂದಕ್ಷರ ಬಿಡದೆ ಹೇಳಿದರು. ಕೈ ಎತ್ತಿದ್ದು, ಹಿಂಡಿದ್ದು, ಸದ್ದು ಇಳಿದದ್ದು, ಎಲ್ಲವನ್ನೂ ತಾವೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಮಾಡಿ ತೋರಿಸಿದರು. ಬಂದವರೆಲ್ಲ ಹೂಗೈಯ ಕಡೆ ತಿರುಗಿದರು. ಹೆಂಡತಿಯೂ ಲೋಟ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಬೀದಿಯೆಲ್ಲ ಕೇಳಿದ್ದರೂ ಇದು ಅವಳ ಕಿವಿಗೆ ಮಾತ್ರ ಇಷ್ಟು ದಿನ ಬಿದ್ದಿರಲಿಲ್ಲ.

ಮುಖ್ಯಸ್ಥೆ ಮುಂದಕ್ಕೆ ಬಾಗಿದರು. “ನಿಜ ಹೇಳಿ,” ಎಂದರು ಮೆಲುದನಿಯಲ್ಲಿ. “ಆ ಮೂರು ಗಂಟೆ ಕಣ್ಣು ಮುಚ್ಚಿಕೊಂಡು ನೀವು ಒಳಗೆ ಏನು ಮಾಡ್ತಾ ಇದ್ರಿ?”

“ನಿದ್ದೆ ಬಂದುಬಿಟ್ಟಿತ್ತು ಮೇಡಂ,” ಎಂದ ಹೂಗೈ.